ಹಾರ್ಡ್ ಡಿಸ್ಕು ಕೆಡುವ ಸೂಚನೆಗಳು: ಕಂಪ್ಯೂಟರಿನಲ್ಲಿ ತೋಟದ ಲೆಕ್ಕವಿಡುವ ಸದಸ್ಯರಿಗೆ

ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ತೋಟದ ಲೆಕ್ಕ ಈಗ ಪುಸ್ತಕದಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ಮಕ್ಕಳ ಓದಿಗೆಂದು ತಂದ ಯಂತ್ರವು, ಮಕ್ಕಳು ಊರು ಬಿಟ್ಟ ಮೇಲೆ ಜಗಲಿಯ ಮೂಲೆಯಲ್ಲಿ ಉಳಿದು, ಆಳುಗಳ ಚೆಕ್‌ರೋಲು, ಗೊಬ್ಬರದ ಬಿಲ್ಲು, ಕ್ಯೂರಿಂಗಿಗೆ ಕಳಿಸಿದ ಚೀಲಗಳ ಲೆಕ್ಕ, ಅಡಿಕೆ ಚೇಣಿಯ ಕರಾರು, ಪಹಣಿಯ ಪ್ರತಿ, ಮಳೆಯ ದಾಖಲೆ ಎಲ್ಲವನ್ನೂ ಹೊತ್ತು ಕುಳಿತಿರುತ್ತದೆ. ಹೊಸ ಯಂತ್ರಗಳಲ್ಲಿ ಬೇರೆ ಬಗೆಯ ಡಿಸ್ಕು ಬಂದಿದ್ದರೂ, ಇಂಥ ಹಳೆಯ ಯಂತ್ರಗಳಲ್ಲಿ ತಿರುಗುವ ಹಾರ್ಡ್ ಡಿಸ್ಕೇ ಹೆಚ್ಚು. ಮಳೆಗಾಲದಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರು ಔಷಧಿ ಸಿಂಪರಣೆಯ ಮಾತಿನ ನಡುವೆ ಕೇಳುವ ಪ್ರಶ್ನೆ ಒಂದಿದೆ: “ಕಂಪ್ಯೂಟರು ತುಂಬಾ ನಿಧಾನವಾಗಿದೆ, ಒಳಗೆ ಕಟಕಟ ಅನ್ನುತ್ತದೆ, ಫಾರ್ಮ್ಯಾಟ್ ಮಾಡಿಸಬಹುದೆ?” ಬಿಡಿಬಿಡಿಯಾಗಿ ಹೇಳುವ ಉತ್ತರವನ್ನು ಒಂದು ಕಡೆ ಬರೆದಿಡುವುದು ಮೇಲೆಂದು ತೋರಿ ಈ ಪಾಠವನ್ನು ಬರೆಯುತ್ತಿದ್ದೇವೆ.

ಮೊದಲು ಡಿಸ್ಕಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊತ್ತಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದು, ಅಷ್ಟೂ ಸೇರಿ ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿದ್ದವು. ಇಂದಿನದು ಅಂಗೈಯಷ್ಟಿದ್ದರೂ ಕ್ರಮ ಅದೇ. ಕಾಂತೀಯ ಲೇಪನವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕೂ ಕಡಿಮೆ ಅಂತರದಲ್ಲಿ, ಹೆಡ್ಡು ಎಂಬ ಓದುವ ಮೊನೆ ತೇಲುತ್ತಿರುತ್ತದೆ. ತಟ್ಟೆಯ ಮೇಲ್ಮೈಯನ್ನು ಸೆಕ್ಟರು ಎಂಬ ಸಣ್ಣ ಸಣ್ಣ ಮಡಿಗಳಾಗಿ ವಿಂಗಡಿಸಲಾಗಿದೆ. ಕೆಲವು ಮಡಿಗಳನ್ನು ಕಾರ್ಖಾನೆಯಲ್ಲೇ ಖಾಲಿ ಬಿಟ್ಟು ಮೀಸಲಿಟ್ಟಿರುತ್ತಾರೆ. ಒಂದು ಸೆಕ್ಟರು ಕೆಟ್ಟಿತೆಂದು ಖಚಿತವಾದರೆ ಡಿಸ್ಕು ತಾನಾಗಿಯೇ ಅದನ್ನು ಕೈಬಿಟ್ಟು, ಮೀಸಲಿನ ಒಂದನ್ನು ಅದರ ಬದಲಿಗೆ ಬಳಸುತ್ತದೆ. ಯಜಮಾನರಿಗೆ ಇದರ ಸುದ್ದಿಯೇ ಬರುವುದಿಲ್ಲ. ಅರೇಬಿಕಾ ಗಿಡದಲ್ಲಿ ಬಿಳಿ ಕಾಂಡಕೊರಕ ಹೊಕ್ಕಾಗಲೂ ಹೀಗೆಯೇ. ಎಲೆ ಹಳದಿಯಾಗುವ ಹೊತ್ತಿಗೆ ಹುಳು ಒಳಗೆ ಸಾಕಷ್ಟು ಕೊರೆದಿರುತ್ತದೆ. ಕಾಂಡದ ಮೇಲಿನ ಉಬ್ಬುಗೆರೆಯನ್ನು ನೋಡಬಲ್ಲವನಿಗೆ ಮಾತ್ರ ಮೊದಲೇ ತಿಳಿಯುತ್ತದೆ.

ಡಿಸ್ಕಿನ ಉಬ್ಬುಗೆರೆಗಳು ಯಾವುವು? ಎಲ್ಲಕ್ಕಿಂತ ಸಾಮಾನ್ಯವಾದದ್ದು ನಿಧಾನಗತಿ. ಆದರೆ ಎಲ್ಲ ನಿಧಾನವೂ ಡಿಸ್ಕಿನ ರೋಗವಲ್ಲ. ಯಂತ್ರ ಹಳೆಯದಾಗಿ, ಹೊಸ ತಂತ್ರಾಂಶಗಳ ಭಾರಕ್ಕೆ ಬಳಲುವುದು ಬೇರೆ. ಅದು ಎಲ್ಲ ಕೆಲಸದಲ್ಲಿಯೂ ಒಂದೇ ಸಮನಾಗಿ ಕಾಣುತ್ತದೆ. ಡಿಸ್ಕು ಕೆಡುತ್ತಿರುವಾಗಿನ ನಿಧಾನಕ್ಕೆ ಒಂದು ಸ್ಥಳವಿರುತ್ತದೆ. ಉಳಿದೆಲ್ಲ ಸರಿಯಿದ್ದು, ಯಾವುದೋ ಒಂದು ಫೋಲ್ಡರನ್ನು ತೆರೆದಾಗ ಮಾತ್ರ ಯಂತ್ರ ಅರ್ಧ ನಿಮಿಷ ಕಲ್ಲಿನಂತೆ ನಿಂತು ಮತ್ತೆ ಚಲಿಸುತ್ತದೆ. ಓದಲಾಗದ ಸೆಕ್ಟರನ್ನು ಡಿಸ್ಕು ಬಿಟ್ಟುಕೊಡದೆ ಮತ್ತೆ ಮತ್ತೆ ಪ್ರಯತ್ನಿಸುವುದೇ ಇದಕ್ಕೆ ಕಾರಣ. ವಿಂಡೋಸಿನಲ್ಲಿ ಈವೆಂಟ್ ವ್ಯೂಯರ್ ಎಂಬ ದಿನಚರಿ ಇದೆ. ಅದರ ಸಿಸ್ಟಮ್ ವಿಭಾಗದಲ್ಲಿ ಡಿಸ್ಕ್ ಎಂಬ ಮೂಲದಿಂದ 7ನೆಯ ಸಂಖ್ಯೆಯ ದೂರು ಇದ್ದರೆ ಕೆಟ್ಟ ಸೆಕ್ಟರು ಸಿಕ್ಕಿದೆ ಎಂದರ್ಥ; 153 ಇದ್ದರೆ ಓದುವ ಅಥವಾ ಬರೆಯುವ ಕೆಲಸವನ್ನು ಮರುಪ್ರಯತ್ನಿಸಬೇಕಾಯಿತು ಎಂದರ್ಥ.

ಶಬ್ದದ ವಿಷಯ. ಕೆಲಸ ಮಾಡುವಾಗ ಕೇಳುವ ಸಣ್ಣ ಗುರುಗುರು ಸಹಜ. ಗಡಿಯಾರದಂತೆ ಲೆಕ್ಕಹಾಕಿದ ಹಾಗೆ ಬರುವ ಟಕ್, ಟಕ್, ಟಕ್ ಎಂಬುದು ಕೆಟ್ಟ ಸೂಚನೆ. ಹೆಡ್ಡಿಗೆ ತನ್ನ ದಾರಿ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಹುಡುಕುತ್ತಿದೆ. ಉಜ್ಜಿದಂಥ ಕರಕರ ಶಬ್ದ ಬಂದರೆ ಹೆಡ್ಡು ತಟ್ಟೆಗೆ ತಾಗಿರುವ ಸಂಭವವುಂಟು. ಆಗ ಮಾಡಬೇಕಾದುದು ಒಂದೇ, ತಕ್ಷಣ ಕರೆಂಟು ತೆಗೆಯುವುದು. ಒಳಗಿರುವುದು ಬಹಳ ಬೆಲೆಯುಳ್ಳದ್ದಾದರೆ ಡಿಸ್ಕನ್ನು ಹಾಗೆಯೇ ದತ್ತಾಂಶ ಹೊರತೆಗೆಯುವ ಪರಿಣತರಿಗೆ ಒಪ್ಪಿಸಬೇಕು. “ಇನ್ನೊಂದು ಸಲ ಹಾಕಿ ನೋಡೋಣ” ಎನ್ನುವ ಪ್ರತಿ ಸಲವೂ ತಟ್ಟೆಯ ಲೇಪನ ಸವೆಯುತ್ತದೆ.

ಈ ಪಾಠದ ಮುಖ್ಯ ವಿಚಾರ ಮುಂದಿನದು. ಡಿಸ್ಕಿನ ಬಗ್ಗೆ ಅನುಮಾನ ಬಂದೊಡನೆ, ಆದರೆ ಅದು ಇನ್ನೂ ಓದಿಸಿಕೊಳ್ಳುತ್ತಿರುವಾಗ, ಪರೀಕ್ಷೆಗೆ ಹೊರಡಬಾರದು. ಮೊದಲು ನಕಲು ತೆಗೆಯಬೇಕು. ರೋಗನಿರ್ಣಯವೆಂಬುದೇ ಡಿಸ್ಕಿಗೆ ಶ್ರಮ. ಪೂರ್ತಿ ತಟ್ಟೆಯನ್ನು ಓದಿಸುವ ಪರೀಕ್ಷೆ ಗಂಟೆಗಟ್ಟಲೆ ನಡೆಯುತ್ತದೆ, ಅದರ ನಡುವೆಯೇ ಡಿಸ್ಕು ಪ್ರಾಣ ಬಿಟ್ಟರೆ ರೋಗದ ಹೆಸರು ತಿಳಿದು ಪ್ರಯೋಜನವಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿನ ಲಕ್ಷಕ್ಕೂ ಮೇಲ್ಪಟ್ಟ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳೊಳಗೆ ಕೆಡುವ ಸಂಭವ, ಅಂಥ ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚೆಂದು ಕಂಡುಬಂದಿತು. ಎಂದರೆ ಮೊದಲ ಸೂಚನೆಯ ನಂತರ ಕಾಲಾವಕಾಶ ಇರಬಹುದು, ಇರದೆಯೂ ಇರಬಹುದು.

ನಕಲು ಮಾಡುವಾಗ ಮತ್ತೆ ಹುಟ್ಟದ ಸಣ್ಣ ಫೈಲುಗಳು ಮೊದಲು. ಲೆಕ್ಕ, ಪತ್ರ, ಮಳೆಯ ದಾಖಲೆ ಎಲ್ಲ ಸೇರಿದರೂ ಒಂದು ಪೆನ್‌ಡ್ರೈವಿನ ಮೂಲೆ ತುಂಬುವುದಿಲ್ಲ. ಅನಂತರ ಫೋಟೊಗಳು. ಸಿನಿಮಾ, ಹಾಡು ಕೊನೆಗೆ. ವಿಂಡೋಸಿನ ಫೈಲುಗಳು ಬೇಡವೇ ಬೇಡ. ಕಾಪಿ ಮಾಡಬೇಕೇ ಹೊರತು ಕಟ್ ಮಾಡಿ ಅಂಟಿಸಬಾರದು. ಒಂದು ಫೈಲಿನಲ್ಲಿ ಸಿಕ್ಕಿ ನಿಂತರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ಅಗತ್ಯ. “ನಮ್ಮದೆಲ್ಲ ಡಿ ಡ್ರೈವಿನಲ್ಲಿಯೂ ಇದೆ, ಭಯವಿಲ್ಲ” ಎಂದು ಎಷ್ಟೋ ಸದಸ್ಯರು ನಂಬಿದ್ದಾರೆ. ಸಿ ಮತ್ತು ಡಿ ಎಂಬುವು ಬಹುತೇಕ ಮನೆಯ ಯಂತ್ರಗಳಲ್ಲಿ ಒಂದೇ ಡಿಸ್ಕಿನ ಎರಡು ಪಾಲು. ಒಂದೇ ಕಣಜದಲ್ಲಿ ಹಲಗೆ ಅಡ್ಡವಿಟ್ಟು ಎರಡು ಮಾಡಿದ ಮಾತ್ರಕ್ಕೆ, ಕಣಜಕ್ಕೆ ಬೆಂಕಿ ಬಿದ್ದಾಗ ಒಂದು ಪಾಲು ಉಳಿಯುವುದುಂಟೆ?

ನಕಲು ಆದ ಮೇಲೆ ನಿಶ್ಚಿಂತೆಯಿಂದ ಪರೀಕ್ಷೆ ಮಾಡಬಹುದು. ಪ್ರತಿಯೊಂದು ಡಿಸ್ಕೂ ಸ್ಮಾರ್ಟ್ ಎಂಬ ಹೆಸರಿನ ಆರೋಗ್ಯ ಪಟ್ಟಿಯೊಂದನ್ನು ತನ್ನೊಳಗೆ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಉದ್ದವಾದ ಪಟ್ಟಿ ಕಂಡು ಗಾಬರಿಯಾಗಬೇಕಿಲ್ಲ, ನೋಡಬೇಕಾದುದು ನಾಲ್ಕು ಸಾಲು. 05 ಎಂಬ ಸಾಲು, ಮೀಸಲಿನಿಂದ ಬದಲಾಯಿಸಿದ ಸೆಕ್ಟರುಗಳ ಸಂಖ್ಯೆ. ಸಿ5, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವವು. ಸಿ6, ಡಿಸ್ಕು ತಾನೇ ತಪಾಸಣೆ ಮಾಡಿದಾಗ ಸರಿಪಡಿಸಲಾಗದೆ ಹೋದವು. ಈ ಮೂರರಲ್ಲಿ ಕೊನೆಯ ಅಂಕಣದಲ್ಲಿ ಸೊನ್ನೆ ಇರಬೇಕು. ಸಿ7 ಎಂಬುದು ಡಿಸ್ಕಿನ ರೋಗವೇ ಅಲ್ಲ. ಡಿಸ್ಕಿಗೂ ಬೋರ್ಡಿಗೂ ನಡುವಿನ ಕೇಬಲ್ಲಿನಲ್ಲಿ ಮಾಹಿತಿ ಹರಿಯುವಾಗ ಆದ ತಪ್ಪುಗಳ ಎಣಿಕೆ. ಇದು ಕಡಿಮೆಯಾಗುವ ಅಂಕಿಯಲ್ಲ. ಬರೆದಿಟ್ಟುಕೊಂಡು ಕೇಬಲ್ಲು ಬದಲಾಯಿಸಿ, ವಾರ ಬಿಟ್ಟು ನೋಡಿ. ಅಲ್ಲೇ ನಿಂತಿದ್ದರೆ ಅಲ್ಪ ಖರ್ಚಿನಲ್ಲಿ ಕೆಲಸ ಮುಗಿಯಿತು.

ಆ ತಂತ್ರಾಂಶ ಕೊನೆಯ ಅಂಕಣವನ್ನು ನಮ್ಮ ದಶಮಾನ ಪದ್ಧತಿಯಲ್ಲಿ ತೋರಿಸದೆ, ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ. 18 ಎಂದಿದ್ದರೆ ನಿಜವಾಗಿ 24. ಬೇಕಾದರೆ ಆಯ್ಕೆಗಳಲ್ಲಿ ದಶಮಾನಕ್ಕೆ ಬದಲಿಸಿಕೊಳ್ಳಬಹುದು. ಇನ್ನು ಮೇಲ್ಗಡೆ ನೀಲಿ ಬಣ್ಣದಲ್ಲಿ “ಗುಡ್” ಎಂದು ಬಂದಿತೆಂದು ನೆಮ್ಮದಿಯಾಗಿ ಮಲಗಬೇಡಿ. ಮೇಲೆ ಹೇಳಿದ ಅಧ್ಯಯನದಲ್ಲಿಯೇ, ಕೆಟ್ಟುಹೋದ ಡಿಸ್ಕುಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಕೆಟ್ಟ ಸುದ್ದಿಯನ್ನು ಈ ಪಟ್ಟಿಯಿಂದ ನಂಬಬಹುದು, ಒಳ್ಳೆಯ ಸುದ್ದಿಯನ್ನಲ್ಲ.

ನಮ್ಮ ಕಡೆಯ ಸದಸ್ಯರೊಬ್ಬರ ಮನೆಯ ಸಂಗತಿ ಇಲ್ಲಿ ಉಪಯುಕ್ತ. ಅವರ ತಂದೆ 1974ರಿಂದ ಮಳೆಯನ್ನು ಇಂಚು ಸೆಂಟುಗಳಲ್ಲಿ ದಿನವೂ ಅಳೆದು ಡೈರಿಗಳಲ್ಲಿ ಬರೆದಿದ್ದರು. ಹೂಮಳೆ ಯಾವ ವರ್ಷ ಯಾವ ತಾರೀಖಿಗೆ, ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಎಂಬುದೆಲ್ಲ ಅದರಲ್ಲಿತ್ತು. ಸೊಸೆ ಎರಡು ಮಳೆಗಾಲ ಕುಳಿತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದರು. ಆಮೇಲೆ ಡೈರಿಗಳಿಗೆ ಗೆದ್ದಲು ಹಿಡಿಯಿತು. ಉಳಿದದ್ದು ಕಂಪ್ಯೂಟರಿನ ಪ್ರತಿಯೊಂದೇ. ಯಂತ್ರ ನಿಂತು ನಿಂತು ನಡೆಯತೊಡಗಿದಾಗ ಪೇಟೆಯ ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡುವುದಾಗಿ ಹೇಳಿದರು. ಪುಣ್ಯಕ್ಕೆ ಆ ಸದಸ್ಯರು ಒಪ್ಪುವ ಮೊದಲು ನಮ್ಮನ್ನು ಕೇಳಿದರು. ಮಳೆಯ ಫೈಲು ಐದೇ ನಿಮಿಷದಲ್ಲಿ ಪೆನ್‌ಡ್ರೈವಿಗೆ ಬಂದಿತು. ಚೆಕ್‌ರೋಲೂ ಬಂದಿತು. ಫೋಟೊಗಳಿಗೆ ರಾತ್ರಿಯಿಡೀ ಹಿಡಿಯಿತು. ಅದಾದ ಮೇಲೆ ಪಟ್ಟಿ ನೋಡಿದರೆ ಸಿ5 ಸಾಲಿನಲ್ಲಿ 24, ಮರುದಿನ 58. ಮದುವೆಯ ಫೋಟೊಗಳ ಒಂದು ಫೋಲ್ಡರು ಕೊನೆಗೂ ತೆರೆಯಲಿಲ್ಲ, ಮನೆಯಲ್ಲಿ ಅದರ ಬೇಸರ ಇನ್ನೂ ಇದೆ. ಏರುತ್ತಿರುವ ಅಂಕಿಯೇ ನಿಜವಾದ ತೀರ್ಪು; ಎರಡೋ ಮೂರೋ ಇದ್ದು ವರ್ಷಗಟ್ಟಲೆ ಅಲ್ಲೇ ನಿಂತ ಡಿಸ್ಕುಗಳೂ ಇವೆ.

ಫಾರ್ಮ್ಯಾಟ್ ಮಾಡಿದ್ದರೆ ಏನಾಗುತ್ತಿತ್ತು? ಪೂರ್ತಿ ಫಾರ್ಮ್ಯಾಟಿನಲ್ಲಿ ಎಲ್ಲ ಸೆಕ್ಟರುಗಳ ಮೇಲೂ ಹೊಸದಾಗಿ ಬರೆಯುವುದರಿಂದ, ಕಾದಿದ್ದ ಸೆಕ್ಟರುಗಳ ತೀರ್ಮಾನವಾಗಿ ಸಿ5 ಸಾಲು ಸೊನ್ನೆಗೆ ಇಳಿಯಬಹುದು. ಡಿಸ್ಕು ಗುಣವಾದಂತೆ ಕಾಣುತ್ತದೆ, ಒಳಗಿದ್ದುದು ಹೋಗಿರುತ್ತದೆ, ರೋಗ ಉಳಿದಿರುತ್ತದೆ. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಸಾಧನವನ್ನೂ ನಕಲಿಗೆ ಮೊದಲು ಓಡಿಸಬಾರದು. ಅದರ ಕೆಲಸ ಫೈಲುಗಳ ಸೂಚಿಯನ್ನು ನೆಟ್ಟಗೆ ಮಾಡುವುದೇ ಹೊರತು ನಿಮ್ಮ ಲೆಕ್ಕವನ್ನು ಕಾಪಾಡುವುದಲ್ಲ, ಮತ್ತು ಸಾಯುತ್ತಿರುವ ಡಿಸ್ಕಿನ ಮೇಲೆಯೇ ಅದು ಬರೆಯುತ್ತದೆ. ತಿಳಿದ ಯುವಕರು ಮನೆಯಲ್ಲಿದ್ದರೆ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬುದು ಒಳ್ಳೆಯ ಸಾಧನ. ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ಮೊದಲು ಬೇರೊಂದು ಡಿಸ್ಕಿಗೆ ತೆಗೆದು, ಹಠ ಮಾಡುವ ಜಾಗಗಳನ್ನು ಗುರುತು ಹಾಕಿಕೊಂಡು ಕೊನೆಗೆ ಪ್ರಯತ್ನಿಸುತ್ತದೆ. ಕೊಯ್ಲಿನಲ್ಲಿ ನಾವು ಮಾಡುವುದೂ ಅದೇ ತಾನೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆಂಬ ಮಾತೊಂದು ಚಾಲ್ತಿಯಲ್ಲಿದೆ. ಆಗಸ್ಟ್ ತಿಂಗಳ ನಮ್ಮ ಹವೆಯಲ್ಲಿ ತಣ್ಣಗಿನ ಲೋಹವನ್ನು ಹೊರಗೆ ತೆಗೆದರೆ ಅದರ ಮೇಲೆ ನೀರು ಕೂರದೆ ಮತ್ತೇನಾಗುತ್ತದೆ? ಮುಚ್ಚಳ ಬಿಚ್ಚಿ ನೋಡುವುದಂತೂ ಕೂಡದು. ಆ ಅಂತರಕ್ಕೆ ಒಂದು ಧೂಳಿನ ಕಣವೂ ಬಂಡೆಯೇ.

ಡಿಸ್ಕೇ ಕಾರಣವೆಂದು ತೀರ್ಮಾನಿಸುವ ಮುನ್ನ ಅಗ್ಗದ ಕಾರಣಗಳನ್ನೂ ನೋಡಿರಬೇಕು. ನಮ್ಮ ತೇವಕ್ಕೆ ಕನೆಕ್ಟರುಗಳ ತುದಿ ಮಂಕಾಗುತ್ತದೆ. ಕರೆಂಟು ತೆಗೆದು ಕೇಬಲ್ಲನ್ನು ಒಮ್ಮೆ ಬಿಚ್ಚಿ ಹಾಕಿದರೆ ಕಾಣದಿದ್ದ ಡಿಸ್ಕು ಕಾಣುವುದುಂಟು. ಪವರ್ ಸಪ್ಲೈ ಸೊರಗಿದ್ದರೂ ಡಿಸ್ಕು ಟಕ್ಕೆನ್ನುತ್ತದೆ, ಆದುದರಿಂದ ಡಿಸ್ಕನ್ನು ತೆಗೆದು ಬೇರೆ ಯಂತ್ರಕ್ಕೆ ಹಾಕಿ ಕೇಳಿಸಿಕೊಳ್ಳಬೇಕು. ನೀಲಿ ಪರದೆ ಬಂದು ನಿಲ್ಲುವುದಕ್ಕೆ ಮೆಮೊರಿ ಚಿಪ್ಪು ಕಾರಣವಾಗಿರಬಹುದು. ವಿಂಡೋಸಿನಲ್ಲಿಯೇ ಮೆಮೊರಿ ಪರೀಕ್ಷೆಯ ಸಾಧನವಿದೆ. ಪ್ರತಿದಿನ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಅದು ಬೋರ್ಡಿನ ಬಿಲ್ಲೆಯಂಥ ಸೆಲ್ಲಿನ ಕೊನೆಗಾಲ, ಡಿಸ್ಕಿನದ್ದಲ್ಲ. ಬೇರೆ ಯಂತ್ರಕ್ಕೆ ಹಾಕುವಾಗ ಒಂದು ಎಚ್ಚರಿಕೆ: ಈಚಿನ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಇರಬಹುದು. ಅದರ 48 ಅಂಕಿಗಳ ಕೀಲಿಯನ್ನು ಈಗಲೇ ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಡಿ.

ಹೊಸ ಯಂತ್ರಗಳ ಎಸ್ಸೆಸ್‌ಡಿ ಎಂಬುದರಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ, ಶಬ್ದವೂ ಇಲ್ಲ. ವೇಗದ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ, ಕೆಳಗೆ ಬಿದ್ದರೂ ಸುಲಭಕ್ಕೆ ಜಗ್ಗದು. ಆದರೆ ಕೆಡುವಾಗ ಎಷ್ಟೋ ಸಲ ಮುನ್ಸೂಚನೆಯೇ ಇಲ್ಲದೆ, ಬೆಳಿಗ್ಗೆ ಇದ್ದದ್ದು ಸಂಜೆಗೆ ಇಲ್ಲವಾಗುತ್ತದೆ. ಅಂಥವರಿಗೆ ಮೇಲಿನ ಲಕ್ಷಣಗಳ ಪಾಠ ಅಷ್ಟಾಗಿ ಉಪಯೋಗವಿಲ್ಲ, ನಕಲಿನ ಪಾಠವೇ ಪೂರ್ತಿ ಪಾಠ.

ಬೋರ್ಡೊ ಸಿಂಪರಣೆಯನ್ನು ಮಳೆ ಹಿಡಿಯುವ ಮೊದಲೇ ಮಾಡುವಂತೆ, ನಕಲನ್ನೂ ಮೇ ತಿಂಗಳ ಗುಡುಗಿಗೆ ಮುಂಚೆ ಒಮ್ಮೆ, ಕೊಯ್ಲಿನ ಲೆಕ್ಕ ಮುಗಿದಾಗ ಒಮ್ಮೆಯಾದರೂ ತೆಗೆಯಬೇಕು. ನಕಲಿನ ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟರೆ ಸಿಡಿಲು ಎರಡಕ್ಕೂ ಒಟ್ಟಿಗೆ ಹೊಡೆಯುತ್ತದೆ. ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಡಿ; ಇನ್ನೊಂದು ಪ್ರತಿ ಪಟ್ಟಣದ ಮಗಳ ಮನೆಯಲ್ಲಿದ್ದರೆ ಇನ್ನೂ ಮೇಲು. ಗುಡುಗು ಕೇಳಿದೊಡನೆ ಪ್ಲಗ್ಗಿನ ಜೊತೆಗೆ ಇಂಟರ್‌ನೆಟ್ಟಿನ ತಂತಿಯನ್ನೂ ಕೀಳಬೇಕು.

ಬದಲಾಯಿಸಿದ ಹಳೆಯ ಡಿಸ್ಕನ್ನು, ಹೊಸದರಲ್ಲಿ ಪ್ರತಿಯೊಂದು ಫೋಲ್ಡರನ್ನೂ ತೆರೆದು ನೋಡುವವರೆಗೆ ಎಸೆಯಬಾರದು. ಆಮೇಲೆಯೂ ಗುಜರಿಯವರಿಗೆ ಹಾಗೆಯೇ ಕೊಡದೆ ಡ್ರಿಲ್ಲಿನಿಂದ ತಟ್ಟೆಗಳಿಗೆ ತೂತು ಹಾಕಿಸಿ ಕೊಡಿ, ಬ್ಯಾಂಕಿನ ವಿವರಗಳು ಅದರಲ್ಲಿರುತ್ತವೆ. ಲ್ಯಾಪ್‌ಟಾಪಿನ ಡಿಸ್ಕಾದರೆ ತಟ್ಟೆ ಗಾಜಿನದಾಗಿರಬಹುದು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಿಸಿ.