ಗಾಳಿಯನ್ನು ತೂಗಿದ ರ‍್ಯಾಮ್ಸೆ

ಹತ್ತಿಪೇಟೆಯಲ್ಲಿ ತೂಕ ಹಿಡಿಯುವ ನನ್ನ ತಂದೆಗೆ ಅಕ್ಷರ ಬಾರದು. ಆದರೆ ತಕ್ಕಡಿಯ ಅಲ್ಪ ಅಂತರವನ್ನೂ ಅವರು ಬಿಡುವವರಲ್ಲ. ರಸಾಯನಶಾಸ್ತ್ರದಲ್ಲಿ ಅಂತಹ ಅಂತರವೇ ಹೊಸ ಮೂಲವಸ್ತುವೊಂದನ್ನು ತೋರಿಸಿಕೊಟ್ಟಿತು.

ಸಂಯುಕ್ತಗಳಿಂದ ಪಡೆದ ಸಾರಜನಕಕ್ಕಿಂತ ಗಾಳಿಯಿಂದ ಪಡೆದುದು ಶೇಕಡಾ ಅರ್ಧದಷ್ಟು ಹೆಚ್ಚು ಭಾರವೆಂದು ರ‍್ಯಾಲೆಯು ಕಂಡನು. ವಿಲಿಯಂ ರ‍್ಯಾಮ್ಸೆಯು (1852-1916) ಇದನ್ನು ತೂಕದ ತಪ್ಪೆಂದು ಕೈಬಿಡಲಿಲ್ಲ. ಕಾದ ಮೆಗ್ನೀಸಿಯಂ ಮೇಲೆ ಆ ಅನಿಲವನ್ನು ಮತ್ತೆ ಮತ್ತೆ ಹಾಯಿಸಿದನು. ಸಾರಜನಕವನ್ನೆಲ್ಲ ಲೋಹವು ಹೀರಿಕೊಂಡ ಮೇಲೆ ಉಳಿದುದೇ ಆರ್ಗಾನ್ (1894). 1898ರಲ್ಲಿ ಆತನೂ ಟ್ರಾವರ್ಸನೂ ಕೂಡಿ ಕ್ರಿಪ್ಟಾನ್, ನಿಯಾನ್, ಝೆನಾನ್‌ಗಳನ್ನು ಕಂಡುಹಿಡಿದರು.

ತಾತಾರವರ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದವನೂ ರ‍್ಯಾಮ್ಸೆಯೇ. ಅದರ ಮೊದಲ ನಿರ್ದೇಶಕನು ಟ್ರಾವರ್ಸ್.

ತಪ್ಪೆಂದು ತಳ್ಳುವ ಮೊದಲು ಇನ್ನೊಮ್ಮೆ ತೂಗಿ ನೋಡಬೇಕು. ಈ ಪಾಠವನ್ನು ಗ್ರಂಥಾಲಯದಲ್ಲಿ ಓದಿದಾಗ ನನಗೆ ನೆನಪಾದುದು ತಂದೆಯ ತಕ್ಕಡಿ.