ಹಾಲಿನ ರುಚಿ ನೋಡುವ ಕೆಲಸ: ಪರೀಕ್ಷಕರಿಗೂ ಉತ್ಪಾದಕರಿಗೂ ಒಂದಿಷ್ಟು ತಿಳುವಳಿಕೆ



ಕಳೆದ ಮಳೆಗಾಲದಲ್ಲಿ ನಾರಾವಿ ಕಡೆಯ ಒಂದು ಸಂಘಕ್ಕೆ ಬೆಳಗ್ಗಿನ ಹೊತ್ತು ಹೋಗಿದ್ದೆ. ಅಲ್ಲಿ ಹೊಸದಾಗಿ ಹಾಲು ಪರೀಕ್ಷಕಿಯಾಗಿ ಸೇರಿದ ತಂಗಿಯೊಬ್ಬಳು, ಹಾಲಿನ ಲಾರಿ ಹೋದ ಮೇಲೆ ಪಾತ್ರೆ ತೊಳೆಯುತ್ತಾ ಕೇಳಿದಳು: “ಡಾಕ್ಟ್ರೇ, ಮನೆಯಲ್ಲಿ ಎಲ್ಲರೂ ನಗುತ್ತಾರೆ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಹಾಲು ಮೂಸುವುದಕ್ಕೂ ಸಂಬಳವಾ ಅಂತ. ಮೆಷಿನ್ ಇರುವಾಗ ಇದೆಲ್ಲ ಬೇಕಾ?” ಹಗಲಿನಲ್ಲಿ ಆಕೆ ಬೀಡಿ ಕಟ್ಟುತ್ತಾಳೆ. ಆಗ ಲಾರಿಯ ಗಡಿಬಿಡಿಯಲ್ಲಿ ಅರ್ಧ ಉತ್ತರ ಕೊಟ್ಟು ಬಂದಿದ್ದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಪರೀಕ್ಷಕರಿಗೆ ಮಾತ್ರವಲ್ಲ, ಅವರ ಎದುರು ಕ್ಯಾನು ಹಿಡಿದು ನಿಲ್ಲುವ ನಿಮಗೂ ಬೇಕಾದ ವಿಷಯ.

ಮೊದಲಿಗೆ, ಇದು ನಗುವಂಥ ಕೆಲಸವಲ್ಲ. ಕಾಫಿ, ಚಹಾ ವ್ಯಾಪಾರದಲ್ಲಿ ರುಚಿ ನೋಡುವವರ ಮಾತಿನ ಮೇಲೆ ಬೆಲೆ ನಿಲ್ಲುತ್ತದೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ರುಚಿ ಪರೀಕ್ಷೆಯೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಇಂತಹ ಪರೀಕ್ಷೆಗೆ ಕುಳಿತುಕೊಳ್ಳುವವರು ಸಾಮಾನ್ಯವಾಗಿ ಇಡೀ ದಿನ ರುಚಿಯನ್ನೇ ನೋಡುವವರಲ್ಲ. ತಮ್ಮ ಬೇರೆ ಕೆಲಸದ ನಡುವೆ ಸ್ವಲ್ಪ ಹೊತ್ತು ಬಂದು, ಹೆಸರಿಲ್ಲದೆ ಸಂಖ್ಯೆ ಮಾತ್ರ ಬರೆದ ಲೋಟಗಳ ರುಚಿ ನೋಡಿ, ಗುರುತು ಹಾಕಿ ಹೋಗುತ್ತಾರೆ. ನಾಲಿಗೆ ಬೇಗ ದಣಿಯುವ ಅಂಗವಾದ್ದರಿಂದ ಈ ಕೆಲಸ ಅರೆಕಾಲಿಕವಾಗಿದ್ದರೇ ಒಳ್ಳೆಯದು. ನಮ್ಮ ಸಂಘದ ಪರೀಕ್ಷಕರೂ ಅದೇ ಜಾತಿಯ ಕೆಲಸಗಾರರು. ವ್ಯತ್ಯಾಸವೆಂದರೆ, ಅವರ ಎದುರಿನ ಲೋಟಕ್ಕೆ ಹೆಸರಿದೆ, ಆ ಹೆಸರಿನವರು ಅಲ್ಲೇ ನಿಂತಿರುತ್ತಾರೆ, ಹೆಚ್ಚಾಗಿ ನೆರೆಮನೆಯವರೇ ಆಗಿರುತ್ತಾರೆ.

ಯಂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಸಂಘದಲ್ಲಿರುವ ಯಂತ್ರವು ಜಿಡ್ಡಿನಂಶ ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂಬುದನ್ನು ಹೇಳುತ್ತದೆ. ಲ್ಯಾಕ್ಟೋಮೀಟರ್ ನೀರು ಬೆರೆತದ್ದನ್ನು ಹೇಳುತ್ತದೆ. ಆದರೆ ಹಾಲಿಗೆ ಹೊಗೆ ಹಿಡಿದಿದೆಯೇ, ಕಮಟು ಬಂದಿದೆಯೇ, ಉಪ್ಪಾಗಿದೆಯೇ ಎಂಬುದು ಆ ಯಂತ್ರಕ್ಕೆ ತಿಳಿಯದು. 4 ಜಿಡ್ಡು ಇರುವ ಹಾಲೂ ಕುಡಿಯಲಾಗದ ಹಾಲಾಗಿರಬಹುದು. ಅಂತಹ ಒಂದು ಕ್ಯಾನಿನ ಹಾಲು ಶೀತಲೀಕರಣ ಘಟಕದ ತೊಟ್ಟಿಗೆ ಬಿದ್ದರೆ, ಇಡೀ ಊರಿನವರು ಅಂದು ಕರೆದ ಹಾಲಿಗೆ ಅದರ ದೋಷ ತಗಲುತ್ತದೆ. ಮತ್ತೆ ಬೇರ್ಪಡಿಸಲು ಸಾಧ್ಯವಿಲ್ಲ.

ಮೂಗು ಈ ಕೆಲಸದಲ್ಲಿ ನಾಲಿಗೆಗಿಂತ ಮುಂದೆ. ಮುಚ್ಚಿದ ಕ್ಯಾನಿನಲ್ಲಿ ಹಾಲಿನ ಮೇಲಿನ ಗಾಳಿಯಲ್ಲಿ ವಾಸನೆ ಶೇಖರವಾಗಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಮೂಸಬೇಕು; ಹತ್ತು ಸೆಕೆಂಡು ಕಳೆದರೆ ಅರ್ಧ ಸುದ್ದಿ ಹಾರಿಹೋಯಿತು. ಆದ್ದರಿಂದ ಉತ್ಪಾದಕರೇ, ಸಾಲಿನಲ್ಲಿ ನಿಂತಿರುವಾಗಲೇ ಮುಚ್ಚಳ ತೆರೆದು ಇಡಬೇಡಿರಿ. ಪರೀಕ್ಷಕರ ಕೈಯಿಂದಲೇ ತೆಗೆಸಿರಿ.

ವಾಸನೆಗಳ ಮೂಲ ಹೆಚ್ಚಾಗಿ ನಮ್ಮ ಹಟ್ಟಿಯಲ್ಲೇ ಇದೆ. ಸೊಳ್ಳೆಗೆಂದು ಹಟ್ಟಿಯಲ್ಲಿ ಹೊಗೆ ಹಾಕಿ, ಅದೇ ಹೊಗೆಯಲ್ಲಿ ಹಾಲು ಕರೆದರೆ ಹಾಲಿಗೆ ಹೊಗೆ ವಾಸನೆ ಖಂಡಿತ. ಕರೆದು ಮುಗಿಸಿ, ಹಾಲನ್ನು ಹೊರಗೆ ಸಾಗಿಸಿದ ಮೇಲೆ ಹೊಗೆ ಹಾಕಿರಿ. ಸೊಪ್ಪಿನ ಹಟ್ಟಿಯಲ್ಲಿ ಹಳೆಯ ಸೊಪ್ಪು ಕೊಳೆತು ನಿಂತಿದ್ದರೆ ಹಾಲಿಗೂ ಅದೇ ವಾಸನೆ. ಮದುವೆ ಊಟದ ಉಳಿಕೆ ತಂದು ಹಾಕುವವರಿದ್ದಾರೆ. ಅದರಲ್ಲಿನ ನೀರುಳ್ಳಿ, ಬೆಳ್ಳುಳ್ಳಿ ಸಿಪ್ಪೆಯ ವಾಸನೆ ಅರ್ಧ ಗಂಟೆಯೊಳಗೆ ಹಾಲಿಗೆ ಬರುತ್ತದೆ. ಹೊಟ್ಟೆಯಿಂದ ಬರುವುದಕ್ಕೆ ಮುಂಚೆ, ದನ ತೇಗಿ ಉಸಿರೆಳೆದಾಗ ಶ್ವಾಸಕೋಶದ ಮೂಲಕ ರಕ್ತ ಸೇರಿ ಕೆಚ್ಚಲಿಗೆ ಇಳಿಯುತ್ತದೆ. (ಆ ಅನ್ನದಿಂದ ಹೊಟ್ಟೆ ಹುಳಿಯಾಗಿ ದನ ಮಲಗುವ ಅಪಾಯ ಬೇರೆ, ಆ ಮಾತು ಇನ್ನೊಮ್ಮೆ.) ನುಗ್ಗೆ ಸೊಪ್ಪು, ಮೂಲಂಗಿ ಸೊಪ್ಪು ಮುಂತಾದ ಘಾಟಿನ ಸೊಪ್ಪನ್ನು ಕೊಡುವುದಾದರೆ ಕರೆದ ಕೂಡಲೇ ಕೊಡಿರಿ. ಕರೆಯುವ ಮೊದಲಿನ ನಾಲ್ಕೈದು ಗಂಟೆಯಲ್ಲಿ ಬೇಡ.

ಕಮಟು ವಾಸನೆಯ ಕಥೆ ಬೇರೆ. ಹಾಲಿನಲ್ಲೇ ಜಿಡ್ಡನ್ನು ಒಡೆಯುವ ಒಂದು ಕಿಣ್ವ ಇದೆ. ಜಿಡ್ಡಿನ ಕಣಗಳ ಸುತ್ತ ತೆಳು ಪೊರೆ ಇರುವ ತನಕ ಅದು ಸುಮ್ಮನಿರುತ್ತದೆ. ಬೆಚ್ಚಗಿನ ಹಾಲನ್ನು ಅರ್ಧ ತುಂಬಿದ ಕ್ಯಾನಿನಲ್ಲಿ ಹೊಂಡದ ರಸ್ತೆಯಲ್ಲಿ ಕುಲುಕುತ್ತಾ ತಂದರೆ ಪೊರೆ ಹರಿದು, ಕಿಣ್ವ ಕೆಲಸ ಶುರುಮಾಡುತ್ತದೆ; ಹಾಲು ಕಹಿಯಾಗುತ್ತದೆ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹಾಲಿಟ್ಟರೂ ಜಿಡ್ಡು ಕೆಟ್ಟು, ಒದ್ದೆ ರಟ್ಟಿನಂತಹ ರುಚಿ ಬರುತ್ತದೆ. ಅಜ್ಜಿಯ ಕಾಲದ ಪಾತ್ರೆಯ ಮೇಲಿನ ಪ್ರೀತಿ ಅರ್ಥವಾಗುತ್ತದೆ, ಆದರೂ ಹಾಲಿಗೆ ಸ್ಟೀಲೇ ಸರಿ.

ಉಪ್ಪು ರುಚಿ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹದಿನೈದು ವರ್ಷಗಳ ಹಿಂದಿನ ಮಾತು. ಸಂಘದ ಹೆಸರು ಬೇಡ. ನಾನು ಕೆಲಸಕ್ಕೆ ಸೇರಿದ ಹೊಸತು. ಗಂಡನನ್ನು ಕಳೆದುಕೊಂಡು, ಎರಡು ದನಗಳಲ್ಲೇ ಮನೆ ನಡೆಸುತ್ತಿದ್ದ ಅಕ್ಕ ಒಬ್ಬರ ಹಾಲನ್ನು ಅಲ್ಲಿನ ವಯಸ್ಸಾದ ಪರೀಕ್ಷಕರು ಪಕ್ಕಕ್ಕಿಟ್ಟರು. “ಉಪ್ಪುಂಟು ಡಾಕ್ಟ್ರೇ” ಎಂದರು. ನಾನು ಜಿಡ್ಡು ನೋಡಿದೆ, ಸರಿಯಿತ್ತು. ಲ್ಯಾಕ್ಟೋಮೀಟರ್ ಬಿಟ್ಟೆ, ಅದೂ ಸರಿಯಿತ್ತು. ಹಾಲಿನಲ್ಲಿ ಗಸಿ ಇಲ್ಲ, ಬಣ್ಣ ಬದಲಾಗಿಲ್ಲ. ಆ ಅಕ್ಕನ ಕಣ್ಣಲ್ಲಿ ನೀರು. “ಏನೂ ಇಲ್ಲ, ತೆಗೆದುಕೊಳ್ಳಿ” ಎಂದು ನಾನೇ ಹೇಳಿ ಹಾಲು ಹಾಕಿಸಿದೆ. ಪರೀಕ್ಷಕರು ಮರುಮಾತಾಡಲಿಲ್ಲ. ನಾಲ್ಕನೆಯ ದಿನ ಆ ಮನೆಯಿಂದ ಕರೆ ಬಂತು. ಹಿಂದಿನ ಬಲಮೊಲೆ ಕಲ್ಲಿನಂತೆ ಗಟ್ಟಿ, ದನಕ್ಕೆ ಜ್ವರ, ಕರೆದರೆ ನೀರಿನಂಥ ಹಾಲಿನಲ್ಲಿ ಹೆಪ್ಪುಗಳು. ಔಷಧ ಕೊಟ್ಟು ದನವನ್ನು ಉಳಿಸಿದೆವು, ಆ ಮೊಲೆಯನ್ನು ಉಳಿಸಲಾಗಲಿಲ್ಲ. ಆಕೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಹೊರಡುವಾಗ ಕುಡಿಯಲು ಮಜ್ಜಿಗೆ ಕೊಟ್ಟರು.

ಪದವಿಯಲ್ಲಿ ಓದಿದ್ದು ಅಂದು ನೆನಪಿಗೆ ಬರಲಿಲ್ಲ. ಹಾಲು ಸಿಹಿಯಾಗಿರುವುದು ಅದರಲ್ಲಿರುವ ಶೇಕಡಾ 4.8ರ ಆಸುಪಾಸಿನ ಹಾಲಿನ ಸಕ್ಕರೆಯಿಂದ. ಕೆಚ್ಚಲಿನೊಳಗೆ ಬಾವು ಶುರುವಾದರೆ ಸಕ್ಕರೆ ತಯಾರಿಸುವ ಜೀವಕೋಶಗಳು ಸೋಲುತ್ತವೆ, ಅವುಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಹಾಲಿಗೂ ರಕ್ತಕ್ಕೂ ನಡುವೆ ಸಮತೂಕ ಇರಲೇಬೇಕಾದ್ದರಿಂದ, ಸಕ್ಕರೆ ಕಡಿಮೆಯಾದಷ್ಟೂ ರಕ್ತದ ಉಪ್ಪು ಹಾಲಿಗೆ ಇಳಿದು ಜಾಗ ತುಂಬುತ್ತದೆ. ಆರೋಗ್ಯವಂತ ದನದ ಹಾಲಿನಲ್ಲಿ ಕ್ಲೋರೈಡ್ ಶೇಕಡಾ 0.1ರ ಸುತ್ತಮುತ್ತ, ಅದು 0.14 ದಾಟಿದರೆ ಸಂಶಯ ಪಡಬೇಕು. ಹೀಗೆ ಕಣ್ಣಿಗೆ ಗಸಿ ಕಾಣುವ ಮೊದಲೇ ಪಳಗಿದ ನಾಲಿಗೆಗೆ ಸುದ್ದಿ ಮುಟ್ಟಬಹುದು. ಅಂದು ಕೆಚ್ಚಲುಬಾವು ಪರೀಕ್ಷೆಯ ದ್ರಾವಣದಲ್ಲಿ ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಅಲ್ಲಾಡಿಸಿ ನೋಡಿದ್ದರೆ, ಒಂದು ಬಟ್ಟಲಿನ ಹಾಲು ಲೋಳೆಯಾಗಿ ತೋರಿಸಿಕೊಡುತ್ತಿತ್ತು. ನಿಮ್ಮ ಹಾಲು ಉಪ್ಪೆಂದು ಪಕ್ಕಕ್ಕಿಟ್ಟರೆ ಜಗಳಕ್ಕೆ ಹೋಗದೆ, ಅದೇ ದಿನ ಈ ಪರೀಕ್ಷೆ ಮಾಡಿಸಿರಿ ಎಂದು ಕೇಳಿಕೊಳ್ಳುವುದು ಇದಕ್ಕಾಗಿಯೇ.

ಪರೀಕ್ಷಕರಿಗೂ ಒಂದು ಮಾತು. ಬತ್ತಿಸುವ ಕಾಲ ಹತ್ತಿರವಾದ ದನದ ಹಾಲೂ ಉಪ್ಪಾಗುತ್ತದೆ. “ಕರು ಹಾಕಿ ಎಷ್ಟು ತಿಂಗಳಾಯಿತು?” ಎಂದು ಕೇಳದೆ ಬಾವು ಎಂದು ಹೇಳಬಾರದು. ಹತ್ತು ಜನರ ಎದುರು ಜೋರಾಗಿ ಹೇಳುವುದಂತೂ ಬೇಡವೇ ಬೇಡ. ಒಮ್ಮೆ ಹೆಸರು ಕೆಟ್ಟರೆ ಆ ಮನೆಯವರು ಹಾಲು ಹಾಕುವುದನ್ನೇ ನಿಲ್ಲಿಸುತ್ತಾರೆ, ದನ ಮದ್ದಿಲ್ಲದೆ ಉಳಿಯುತ್ತದೆ.

ರುಚಿ ನೋಡುವ ಕ್ರಮ

ಹಸಿ ಹಾಲನ್ನು ನೇರವಾಗಿ ಬಾಯಿಗೆ ಹಾಕಬಾರದು. ಕಂದು ರೋಗ (ಬ್ರುಸೆಲ್ಲೋಸಿಸ್), ಕ್ಷಯ ಮುಂತಾದವು ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತವೆ. ಎಲ್ಲರ ಹಾಲನ್ನೂ ಮೂಸಿರಿ; ಸಂಶಯ ಬಂದದ್ದನ್ನು ಮಾತ್ರ ರುಚಿ ನೋಡಿರಿ. ಅದನ್ನು ಸಣ್ಣ ಪಾತ್ರೆಯಲ್ಲಿ ಕುದಿಸಬೇಕು. ಹುಳಿಯಾಗಿದ್ದರೆ ಕುದಿಯುವಾಗಲೇ ಒಡೆದು ತಿಳಿಯುತ್ತದೆ, ರುಚಿ ನೋಡುವ ಶ್ರಮ ಉಳಿಯಿತು. ಒಡೆಯದಿದ್ದರೆ ಆರಿಸಿ, ಒಂದು ಚಮಚ ಬಾಯಿಗೆ ಹಾಕಿ, ನಾಲಿಗೆಯ ಮೇಲೆಲ್ಲ ಹರಿಸಿ, ಮೂಗಿನಿಂದ ಉಸಿರು ಬಿಟ್ಟು, ಉಗಿದು, ನೀರಿನಿಂದ ಬಾಯಿ ಮುಕ್ಕಳಿಸಿರಿ. ಸೋಡಾ ಬೆರೆಸಿದ್ದರೆ ಸಾಬೂನಿನಂತೆ ಜಾರುವ ರುಚಿ, ಸಕ್ಕರೆ ಬೆರೆಸಿದ್ದರೆ ಹಾಲಿಗೆ ಒಪ್ಪದ ಸಿಹಿ.

ಕೆಲಸಕ್ಕೆ ಬರುವ ಅರ್ಧ ಗಂಟೆ ಮೊದಲಿನಿಂದ ಎಲೆಅಡಿಕೆ, ಬೀಡಿ, ಕಾಫಿ, ಉಪ್ಪಿನಕಾಯಿ ಬೇಡ. ತಲೆಯಲ್ಲಿ ಮಲ್ಲಿಗೆ ಇದ್ದರೆ ಮೂಗಿಗೆ ಬೇರೇನೂ ತಿಳಿಯದು. ಮುಡಿಯುವುದನ್ನು ಲಾರಿ ಹೋದ ಮೇಲೆ ಇಟ್ಟುಕೊಳ್ಳಿರಿ. ಬೀಡಿ ಕಟ್ಟುವ ತಂಗಿಯಂದಿರು ಹೊಗೆಸೊಪ್ಪಿನ ಕೈಯನ್ನು ಚೆನ್ನಾಗಿ ತೊಳೆದೇ ಕ್ಯಾನು ಮುಟ್ಟಬೇಕು. ಶೀತವಾದ ದಿನ ಮೂಸುವ ಕೆಲಸವನ್ನು ಕಾರ್ಯದರ್ಶಿಯವರಿಗೆ ಬಿಡಿರಿ.

ನಾಲಿಗೆಗೆ ತಿಳಿಯದ್ದೂ ಇದೆ. ಔಷಧದ ಅಂಶಕ್ಕೆ ರುಚಿಯಿಲ್ಲ. ಚುಚ್ಚುಮದ್ದು ಕೊಟ್ಟ ದನದ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ತರದಿರುವುದು ನಿಮ್ಮ ಕೈಯಲ್ಲೇ ಇದೆ.

ನಾಲಿಗೆಯನ್ನು ಪಳಗಿಸುವುದು ಹೇಗೆಂದು ಆ ತಂಗಿ ಕೇಳಿದ್ದಳು. ಮನೆಯಲ್ಲೇ ಹೀಗೆ ಮಾಡಿರಿ. 100 ಮಿಲಿ ನೀರಿಗೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಪುಡಿ ಉಪ್ಪು ಕರಗಿಸಿರಿ. ಕುದಿಸಿ ಆರಿಸಿದ ಅರ್ಧ ಲೀಟರ್ ಹಾಲಿಗೆ, ಹೊಸ ಸಿರಿಂಜಿನಿಂದ ಈ ನೀರನ್ನು 10 ಮಿಲಿ ಬೆರೆಸಿರಿ. ಇನ್ನೊಂದು ಅರ್ಧ ಲೀಟರ್‌ಗೆ 10 ಮಿಲಿ ಬರೀ ನೀರು ಬೆರೆಸಿರಿ. ಈಗ ಮನೆಯವರು ಯಾರಾದರೂ ನಿಮಗೆ ಕಾಣದಂತೆ ಮೂರು ಲೋಟಕ್ಕೆ ಹಾಲು ಸುರಿಯಲಿ: ಎರಡರಲ್ಲಿ ಒಂದೇ ಬಗೆ, ಒಂದರಲ್ಲಿ ಮತ್ತೊಂದು. ಬೇರೆಯಾದದ್ದು ಯಾವುದೆಂದು ನೀವು ಹೇಳಬೇಕು. ಒಮ್ಮೆ ಸರಿಯಾಗುವುದು ದೊಡ್ಡದಲ್ಲ, ಕುರುಡಾಗಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಬೇರೆ ಬೇರೆ ದಿನ ಮಾಡಿ, ಸತತ ನಾಲ್ಕು ಸಲ ಸರಿಯಾದರೆ ನಂಬಬಹುದು. ಅದು ಬರೀ ಊಹೆಯಿಂದ ಆಗುವ ಸಂಭವ 81ರಲ್ಲಿ ಒಂದು ಮಾತ್ರ. ತಪ್ಪಿದರೆ ಬೇಸರ ಬೇಡ, ಉಪ್ಪಿನ ನೀರನ್ನು 20 ಮಿಲಿಗೆ ಏರಿಸಿ (ಇನ್ನೊಂದಕ್ಕೂ ಬರೀ ನೀರು ಅಷ್ಟೇ) ಅಲ್ಲಿಂದ ಕೆಳಗೆ ಇಳಿಯಿರಿ.

ಮುಂದಿನ ಸಲ ಆ ಸಂಘಕ್ಕೆ ಹೋದಾಗ ಆಕೆ ನನಗೇ ಮೂರು ಲೋಟ ಇಟ್ಟಳು. ಮೊದಲ ಸಲ ತಪ್ಪು ಹೇಳಿದೆ. ದಾರಿಯಲ್ಲಿ ಕಾಫಿ ಕುಡಿದು ಬಂದಿದ್ದೆ.