ದೊಡ್ಡ ಡ್ರಮ್ಮಿನ ಎಡಗಾಲು

ತಾಲ್ಲೂಕು ಕೇಂದ್ರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಶಾಲಾ ಬ್ಯಾಂಡಿನ ಹೊಣೆಯೂ ನನ್ನದೇ. ನಾಲ್ಕು ಸೈಡ್ ಡ್ರಮ್, ಒಂದು ದೊಡ್ಡ ಡ್ರಮ್, ಒಂದು ಜೊತೆ ಸಿಂಬಲ್, ಎಂಟು ಕೊಳಲು, ಎರಡು ಬ್ಯೂಗಲ್. ನಮ್ಮ ಆಸ್ತಿ ಇಷ್ಟೇ. ಮಗು ಹತ್ತನೇ ತರಗತಿಗೆ ಬಂತೆಂದರೆ "ಸರ್, ಈ ವರ್ಷ ಎಸ್ಸೆಸ್ಸೆಲ್ಸಿ, ಬ್ಯಾಂಡ್ ಬಿಡಿಸಿಬಿಡಿ" ಎಂದು ಅಪ್ಪ ಅಮ್ಮ ಬಂದು ನಿಲ್ಲುತ್ತಿದ್ದರು. ಆಗ ಅವರಿಗೆ ಬಿಡಿಸಿ ಹೇಳಲಾಗದೆ ಉಳಿದ ಮಾತುಗಳಿವು.

1. ಕಾಲು ಮೊದಲು, ಕೈ ಆಮೇಲೆ

ಜೂನ್ ತಿಂಗಳಿಡೀ ವಾದ್ಯ ಮುಟ್ಟಲು ಬಿಡುತ್ತಿರಲಿಲ್ಲ. ಬರೀ ಕದಮ್ ತಾಲ್, ನಿಂತಲ್ಲೇ ಹೆಜ್ಜೆ. ನಿಮಿಷಕ್ಕೆ 120 ಹೆಜ್ಜೆ, ಸೆಕೆಂಡಿಗೆ ಎರಡು. ಲಯ ಕಾಲಿಗೆ ಹತ್ತಿದ ಮಗುವಿಗೆ ಕೋಲು ಹಿಡಿಯುವುದು ಬೇಗ ಒಲಿಯುತ್ತದೆ.

2. ದೊಡ್ಡ ಡ್ರಮ್ ಗಟ್ಟಿಮುಟ್ಟಾದವರಿಗೇ ಆಗಬೇಕೆಂದಿಲ್ಲ

ಮೊದಮೊದಲು ಎತ್ತರದ ಹುಡುಗನನ್ನೇ ಆರಿಸುತ್ತಿದ್ದೆ. ಒಂದು ವರ್ಷ ಅವನು ಜ್ವರ ಬಂದು ಮಲಗಿದ. ಹಾಜರಿಗೆ "ಯಸ್ ಸರ್" ಎನ್ನಲೂ ಹಿಂಜರಿಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಟ್ಟಿ ಹೆಗಲಿಗೇರಿಸಿಕೊಂಡಳು. ದೊಡ್ಡ ಡ್ರಮ್ಮಿನ ಪೆಟ್ಟು ಬೀಳಬೇಕಾದದ್ದು ಎಡಗಾಲಿಗೆ. ಡ್ರಮ್ ಅಡ್ಡ ಇರುವುದರಿಂದ ಹೊಡೆಯುವವರಿಗೆ ತಮ್ಮ ಪಾದವೇ ಕಾಣದು. ಪಥಸಂಚಲನದ ನಡುವೆ ಪಕ್ಕದ ಸಿಂಬಲ್ ಹುಡುಗ ಎಡವಿ ತಾಳ ತಪ್ಪಿದ. ಸೈಡ್ ಡ್ರಮ್ಮಿನವರು ಗಾಬರಿಯಲ್ಲಿ ಲಯ ಓಡಿಸತೊಡಗಿದರು. ಅವಳ ಕೈ ಮಾತ್ರ ಅಲುಗಲಿಲ್ಲ. ನಾಲ್ಕೇ ಹೆಜ್ಜೆಯಲ್ಲಿ ಎಲ್ಲರೂ ಅವಳ ಪೆಟ್ಟಿಗೆ ಮರಳಿದರು. ತರಗತಿಯಲ್ಲಿ ಅವಳು ಆಮೇಲೂ ಮೆಲುದನಿಯವಳೇ. ಆದರೆ ಇಡೀ ಶಾಲೆಯ ಎಡಗಾಲು ತನ್ನ ಕೈಯಲ್ಲಿತ್ತೆಂಬುದು ಅವಳಿಗೆ ಗೊತ್ತಿತ್ತು. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ; ಆ ನೋವು ನನಗೆ ಇಂದಿಗೂ ಇದೆ.

3. ಹಿಂದಿನ ಸಾಲಿಗೆ ತಡವಾಗಿ ಕೇಳುತ್ತದೆ

ಪಥಸಂಚಲನದಲ್ಲಿ ಕೊನೆಯ ತಂಡದ ಮಕ್ಕಳ ಹೆಜ್ಜೆ ಸದಾ ತಪ್ಪುತ್ತಿತ್ತು. ಎಷ್ಟೋ ಸಲ ಗದರಿದ್ದೇನೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 85 ಮೀಟರ್ ದೂರದವರಿಗೆ ಪೆಟ್ಟು ಕಾಲು ಸೆಕೆಂಡು ತಡ, ಅಂದರೆ ಸರಿಯಾಗಿ ಅರ್ಧ ಹೆಜ್ಜೆ. ಮಕ್ಕಳು ಕೇಳಿಸಿದ್ದಕ್ಕೇ ನಿಯತ್ತಾಗಿ ಹೆಜ್ಜೆ ಹಾಕುತ್ತಿದ್ದರು. ಇದು ಹೊಳೆದ ಮರುದಿನ ಆ ಮಕ್ಕಳ ಕ್ಷಮೆ ಕೇಳಿ, ಬ್ಯಾಂಡನ್ನು ಮೈದಾನದ ನಡುವಿಗೆ ತಂದು ನಿಲ್ಲಿಸಿದೆ.

4. ನುಡಿಸದ ಒಂದು ಪೆಟ್ಟು

ಬ್ಯಾಂಡ್ ರಾಷ್ಟ್ರಗೀತೆ ನುಡಿಸುವ ಮೊದಲು ಡ್ರಮ್ ರೋಲ್ ಇರಬೇಕೆಂಬುದು ನಿಯಮ. ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು ರೋಲ್. ಮೆಲ್ಲಗೆ ಶುರುವಾಗಿ, ಏರಿ, ಮತ್ತೆ ಇಳಿಯಬೇಕು. ಆಮೇಲೆ ಒಂದು ಪೆಟ್ಟಿನಷ್ಟು ಮೌನ. ಅನಂತರವೇ ಗೀತೆ. ಮಕ್ಕಳಿಗೆ ರೋಲ್ ವಾರದಲ್ಲಿ ಬಂತು, ಆ ಮೌನಕ್ಕೆ ತಿಂಗಳು ಹಿಡಿಯಿತು. ಕೊಳಲಿಗೆ ತುಟಿ ಇಟ್ಟು, ಉಸಿರು ತುಂಬಿಕೊಂಡು, ಪಕ್ಕದವರಿಗಾಗಿ ಕಾಯುವುದು ಹದಿಮೂರರ ವಯಸ್ಸಿಗೆ ಸುಲಭವಲ್ಲ.

5. ಮನೆಯಿಂದ ತಂದ ಲಯವನ್ನು ಕೇಳಿ ತಿಳಿಯಬೇಕು

ಸೈಡ್ ಡ್ರಮ್ಮಿಗೆ ಸೇರಿದ ಎಂಟನೇ ತರಗತಿಯ ಹುಡುಗನೊಬ್ಬನ ಮಣಿಕಟ್ಟು ಮೊದಲ ದಿನವೇ ಸಡಿಲವಾಗಿ ಕುಣಿಯುತ್ತಿತ್ತು. ಆದರೆ ಬ್ಯಾಂಡಿಗೆ ಹೆಸರು ಕೊಡುವ ಚೀಟಿಯಲ್ಲಿ "ಮೊದಲು ಏನಾದರೂ ನುಡಿಸಲು ಬರುತ್ತದೆಯೇ" ಎಂಬ ಸಾಲಿನ ಮುಂದೆ ಅವನು ಬರೆದದ್ದು "ಇಲ್ಲ".

ಆ ವರ್ಷ ಆಗಸ್ಟ್ 14ರ ಸಂಜೆ ಮಳೆ ಬಿಡಲೇ ಇಲ್ಲ. ನಮ್ಮ ದೊಡ್ಡ ಡ್ರಮ್ಮಿಗೆ ಆಗಿನ್ನೂ ಚರ್ಮದ ಹೊದಿಕೆ. ತೇವ ಕುಡಿದು, ಒದ್ದೆ ಮೂಟೆಗೆ ಹೊಡೆದಂತೆ ಸದ್ದು ಬರುತ್ತಿತ್ತು. ಹುಡುಗ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, "ಸರ್, ನಮ್ಮಪ್ಪ ಕಾಯಿಸ್ತಾರೆ" ಎಂದ. ಅಪ್ಪ ತಮಟೆ ಬಡಿಯುವವರು.

ಅವರು ಬಂದು ಗೇಟಿನ ಆಚೆಯೇ ನಿಂತರು. ನಾನೇ ಹೋಗಿ ಕರೆತಂದೆ. ಕಾರಿಡಾರಿನ ತುದಿಯಲ್ಲಿ ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ, ಉರಿ ತಾಗದಷ್ಟು ದೂರದಲ್ಲಿ ಡ್ರಮ್ ಹಿಡಿದು ಮೆಲ್ಲನೆ ತಿರುಗಿಸಿದರು. ನಾನು ಕೋಲೆತ್ತಿದಾಗ ತಡೆದರು. "ಹೊಡೀಬ್ಯಾಡಿ ಮೇಷ್ಟ್ರೇ, ಬೆರಳಲ್ಲಿ ತಟ್ಟಿ ಕೇಳಿ." ಅಂಚಿನಿಂದ ನಡುವಿನವರೆಗೆ ತಟ್ಟುತ್ತಾ ಬಂದರು. ಸದ್ದು ಒಂದೊಂದೇ ಕಡೆ ಬಿಗಿಯಾಗುತ್ತಾ ಬಂದು, ಕೊನೆಗೆ ಇಡೀ ಚರ್ಮ 'ಧಂ' ಎಂದಿತು. ಮಕ್ಕಳೆಲ್ಲ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. "ಅಣ್ಣಾ, ನಾನೊಂದ್ಸಲ ತಟ್ಲಾ?" ಎಂದು ಒಬ್ಬೊಬ್ಬರಾಗಿ ಕೈಚಾಚಿದರು.

ಮರುವರ್ಷ ಜೂನ್‌ನಲ್ಲಿ ಹುಡುಗ ಮತ್ತೆ ಬ್ಯಾಂಡಿಗೆ ಹೆಸರು ಕೊಟ್ಟ. ಅದೇ ಚೀಟಿ, ಅದೇ ಸಾಲು. ಅದರ ಮುಂದೆ ದುಂಡಗೆ ಬರೆದಿದ್ದ: "ತಮಟೆ. ಅಪ್ಪ ಕಲಿಸಿದ್ದು."